ಸಾವಿರಕ್ಕೆ ಎಂಟು

ಮಳೆಗಾಲದಲ್ಲಿ ಅಂಜನಾಪುರ ಜಲಾಶಯ ಕೋಡಿ ಬಿತ್ತೆಂದರೆ ಶಿಕಾರಿಪುರದ ಕಡೆಯವರಿಗೆ ಅದೊಂದು ಹಬ್ಬ. ಮಕ್ಕಳು ಮರಿ ಕಟ್ಟಿಕೊಂಡು ನೀರು ನೋಡಲು ಹೋಗುತ್ತಾರೆ. ಆ ನೆಲ ಹೇಗಿದೆ ಎಂದು ತಿಳಿಯಬೇಕಾದರೆ ಮಾತ್ರ ಬೇಸಿಗೆಯಲ್ಲಿ ಹೋಗಬೇಕು. ಮೈಸೂರು ಸಂಸ್ಥಾನದ ಕಾಲದಲ್ಲಿ ಕುಮುದ್ವತಿಗೆ ಅಡ್ಡಲಾಗಿ ಕಟ್ಟಿದ ಒಡ್ಡಿನ ಹಿಂದೆ ನೀರು ಇಳಿಯುತ್ತ ಹೋದಂತೆ ದಿಬ್ಬ, ಬಂಡೆ, ಬಿರುಕು ಬಿಟ್ಟ ಕೆಸರು ಒಂದೊಂದೇ ಮೇಲೇಳುತ್ತವೆ. ಯಾವುದೂ ಆ ವರ್ಷ ಹೊಸದಾಗಿ ಬಂದು ಸೇರಿದ್ದಲ್ಲ. ನೀರಿನಡಿ ಇದ್ದಲ್ಲೇ ಇದ್ದವು.

ಹೃದಯದಲ್ಲಿ ಐಬು ಹೊತ್ತು ಹುಟ್ಟುವ ಮಕ್ಕಳ ಹಿಂದಿನ ಕಥೆ ಹುಡುಕಿ ಹೊರಟವರಿಗೆ ಆ ಬೇಸಿಗೆಯ ನೋಟ ನೆನಪಾಗದೆ ಇರದು. ‘ಈಗೀಗ ಎಷ್ಟೊಂದು ಮಕ್ಕಳಿಗೆ ಹಾರ್ಟಲ್ಲಿ ಹೋಲು ಅಂತಾರಪ್ಪ, ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು?’ ಎಂದು ಹಿರಿಯರು ಜಗಲಿಯ ಮೇಲೆ ಕೂತು ಕೇಳುವುದುಂಟು. ಗೊಬ್ಬರದ ಅನ್ನ, ಔಷಧಿ ಹೊಡೆದ ತರಕಾರಿ, ಮೊಬೈಲ್ ಟವರು ಎಂದು ಕಾರಣಗಳನ್ನೂ ಅವರೇ ಜೋಡಿಸುತ್ತಾರೆ. ಅವರ ಕಾಲದಲ್ಲೂ ಇತ್ತು. ಹೆಚ್ಚು ಕಡಿಮೆ ಇಷ್ಟೇ ಇದ್ದಿರಬೇಕು. ನೋಡುವ ಕಣ್ಣು, ಕೇಳುವ ಕೊಳವೆ, ಬರೆದಿಡುವ ಪುಸ್ತಕ ಇರಲಿಲ್ಲ.

ಎಷ್ಟು ಎನ್ನುವುದನ್ನು ಮೊದಲು ಹೇಳಿಬಿಡುವುದು ಒಳ್ಳೆಯದು. ಜೀವಂತವಾಗಿ ಹುಟ್ಟುವ ಸಾವಿರ ಮಕ್ಕಳಲ್ಲಿ ಎಂಟೊಂಬತ್ತು ಮಕ್ಕಳ ಹೃದಯದ ರಚನೆಯಲ್ಲಿ ಏನಾದರೊಂದು ಊನವಿರುತ್ತದೆ. ದೆಹಲಿಯ ಏಮ್ಸ್ ವೈದ್ಯರು 20,307 ನವಜಾತ ಶಿಶುಗಳನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 164 ಮಕ್ಕಳಿಗೆ ಹೃದಯದ ದೋಷ ಸಿಕ್ಕಿತು, ಸಾವಿರಕ್ಕೆ 8.07. ಈ ಅಳತೆಗೋಲನ್ನು ಶಿಕಾರಿಪುರ, ಸೊರಬಕ್ಕೆ ಹಿಡಿದು ನೋಡೋಣ. 2011ರ ಜನಗಣತಿಯಂತೆ ಎರಡೂ ತಾಲ್ಲೂಕು ಸೇರಿ ನಾಲ್ಕು ಲಕ್ಷ ಚಿಲ್ಲರೆ ಜನ. ಕರ್ನಾಟಕದ ಈಚಿನ ಜನನ ಪ್ರಮಾಣದಂತೆ ವರ್ಷಕ್ಕೆ ಆರೂವರೆ ಸಾವಿರದಷ್ಟು ಹೆರಿಗೆ. ಅಂದರೆ ಪ್ರತಿ ವರ್ಷ ಐವತ್ತಕ್ಕೂ ಮೇಲ್ಪಟ್ಟು ಮಕ್ಕಳು. ಅವರಲ್ಲಿ ಹಲವರ ರಂಧ್ರ ತಾನಾಗಿಯೇ ಮುಚ್ಚಿಕೊಳ್ಳುತ್ತದೆ, ಮನೆಯವರಿಗೆ ಗೊತ್ತೂ ಆಗುವುದಿಲ್ಲ. ಐದರಲ್ಲಿ ಒಂದು ಮಗುವಿಗೆ ಮಾತ್ರ ಮೊದಲ ವರ್ಷದೊಳಗೇ ಚಿಕಿತ್ಸೆಯಾಗಬೇಕು. ಆ ಲೆಕ್ಕದಲ್ಲಿ ಈ ಎರಡು ತಾಲ್ಲೂಕುಗಳಲ್ಲಿ ವರ್ಷಕ್ಕೆ ಹತ್ತು-ಹನ್ನೆರಡು ಕಂದಮ್ಮಗಳು. ಒಂದು ಅಂಗನವಾಡಿ ತುಂಬುವಷ್ಟು.

ನೂರು ವರ್ಷಗಳ ಹಿಂದೆ ಈ ಅಂಗನವಾಡಿಯಷ್ಟು ಮಕ್ಕಳು ಎಲ್ಲಿಗೆ ಹೋದರು?

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಭಾರತದಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ ಇನ್ನೂರರಷ್ಟು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. ಮಲೆನಾಡಿನಲ್ಲಂತೂ ಮಲೇರಿಯಾ ಊರಿಗೆ ಊರನ್ನೇ ಬರಿದು ಮಾಡುತ್ತಿತ್ತು. ಊದಿದ ಗುಲ್ಮದ ಹೊಟ್ಟೆ, ಚಳಿಜ್ವರ, ರಕ್ತವಿಲ್ಲದ ಬಸುರಿಯರು. ಸಿಡುಬು, ಭೇದಿ, ಧನುರ್ವಾಯು ಬೇರೆ. ಸಾವಿರಕ್ಕೆ ಇನ್ನೂರು ಸಾಯುವ ಊರಿನಲ್ಲಿ ಸಾವಿರಕ್ಕೆ ಎಂಟು ಯಾರ ಕಣ್ಣಿಗೆ ಬಿದ್ದೀತು? ಆಗಿನ ಜನನ ಮರಣದ ದಾಖಲೆಗಳಲ್ಲಿ ಸಾವಿನ ಕಾರಣಕ್ಕೆ ಇದ್ದ ಕಲಮುಗಳು ಬೆರಳೆಣಿಕೆಯವು: ಕಾಲರಾ, ಸಿಡುಬು, ಪ್ಲೇಗು, ಜ್ವರ, ಭೇದಿ, ಉಸಿರಾಟದ ಬೇನೆ, ಗಾಯ, ಉಳಿದದ್ದೆಲ್ಲ ‘ಇತರೆ’. ಹೃದಯದ ಮಕ್ಕಳು ಜ್ವರದಲ್ಲಿ ಸೇರಿದರು, ಉಸಿರಾಟದ ಬೇನೆಯಲ್ಲಿ ಸೇರಿದರು, ‘ಇತರೆ’ಯಲ್ಲಿ ಸೇರಿದರು. ಎಷ್ಟೋ ಮಕ್ಕಳು ಹೆಸರಿಡುವ ಮೊದಲೇ ಹೋದದ್ದರಿಂದ ಯಾವುದರಲ್ಲೂ ಸೇರಲಿಲ್ಲ.

ಮನೆಯಲ್ಲಿ ಮಾತ್ರ ಅವರಿಗೆ ಬೇರೆಯೇ ಹೆಸರುಗಳಿದ್ದವು. ಹಾಲೂಡಿಸುವ ತಾಯಿ ಎಲ್ಲರಿಗಿಂತ ಮೊದಲು ಕಂಡಿರುತ್ತಾಳೆ: ಕೂಸು ನಾಲ್ಕು ಗುಟುಕು ಕುಡಿದು ಬಾಯಿ ಬಿಡುತ್ತದೆ, ಹಣೆಯ ಮೇಲೆ ಬೆವರ ಹನಿ ಸಾಲುಗಟ್ಟುತ್ತದೆ, ಪಕ್ಕೆ ಹೊಡೆದುಕೊಳ್ಳುತ್ತದೆ, ಸುಧಾರಿಸಿಕೊಂಡು ಮತ್ತೆ ಮೊಲೆಗೆ ಬಾಯಿ ಹಾಕುತ್ತದೆ, ಮತ್ತೆ ಬಿಡುತ್ತದೆ. ಎಷ್ಟು ಹೊತ್ತು ಕುಡಿಸಿದರೂ ಹೊಟ್ಟೆ ತುಂಬದು, ಮೈ ಹಿಡಿಯದು. ದೃಷ್ಟಿಯಾಗಿದೆ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿದರು. ಬಾಲಗ್ರಹ ಎಂದು ತಾಯಿತ ಕಟ್ಟಿದರು, ಗುಳಿಗೆ ತೇಯ್ದು ನೆಕ್ಕಿಸಿದರು. ಬಾಲಗ್ರಹ ಎಂಬ ಮಾತು ಹಳ್ಳಿಯವರ ಕಲ್ಪನೆಯಲ್ಲಷ್ಟೇ ಹುಟ್ಟಿದ್ದಲ್ಲ. ಸುಶ್ರುತ ಸಂಹಿತೆಯ ಉತ್ತರತಂತ್ರವೇ ಸ್ಕಂದ, ಶಕುನಿ, ರೇವತಿ, ಪೂತನಾ ಮೊದಲಾದ ಒಂಬತ್ತು ಗ್ರಹಗಳನ್ನು ಎಣಿಸಿ, ಕೂಸು ಹಾಲು ಬಿಡುವುದು, ಮೈಬಣ್ಣ ಕೆಡುವುದು ಮುಂತಾದ ಲಕ್ಷಣಗಳನ್ನು ಅವುಗಳ ಲೆಕ್ಕಕ್ಕೆ ಹಚ್ಚಿತ್ತು. ಲಕ್ಷಣವನ್ನು ನೋಡಿದ ಕಣ್ಣು ಸೂಕ್ಷ್ಮವಾಗಿಯೇ ಇತ್ತು. ಎದೆಯೊಳಗೆ ನಡೆಯುತ್ತಿದ್ದದ್ದನ್ನು ಕಾಣುವ ದಾರಿ ಇರಲಿಲ್ಲ.

ಇನ್ನೊಂದು ಬಗೆಯ ಮಕ್ಕಳಿದ್ದರು. ಹುಟ್ಟಿದಾಗ ಚೆನ್ನಾಗಿಯೇ ಇದ್ದು, ಅಳುವಾಗ ತುಟಿ ಉಗುರು ನೇರಳೆ ಹಣ್ಣು ತಿಂದಂತೆ ನೀಲಿಗಟ್ಟುವವರು. ನಡೆಯುವ ವಯಸ್ಸಿಗೆ ಬಂದರೆ ಓಡಿ ಆಡುತ್ತ ಆಡುತ್ತ ಗಕ್ಕನೆ ನಿಂತು ಕುಕ್ಕರಗಾಲಲ್ಲಿ ಕೂತುಬಿಡುವರು. ಯಾರೂ ಕಲಿಸಿದ್ದಲ್ಲ. ಹಾಗೆ ಕೂತಾಗ ಕಾಲಿನ ರಕ್ತನಾಳಗಳು ಮಡಚಿ, ದೇಹದ ಕಡೆ ಹರಿಯುವ ರಕ್ತಕ್ಕೆ ತಡೆಯಾಗಿ, ಶ್ವಾಸಕೋಶದ ಕಡೆ ಒಂದಿಷ್ಟು ಹೆಚ್ಚು ರಕ್ತ ಹೋಗುತ್ತದೆ. ಮಗುವಿಗೆ ಉಸಿರು ಬರುತ್ತದೆ. ಮೂರು ನಾಲ್ಕು ವರ್ಷದ ಮಗು ತನ್ನ ಸಂಕಟಕ್ಕೆ ತಾನೇ ಕಂಡುಕೊಂಡ ಉಪಾಯ ಇದು. ಫ್ರಾನ್ಸಿನ ಮಾರ್ಸೇಯ ವೈದ್ಯ ಎತಿಯೆನ್ ಫಾಲೊ 1888ರಲ್ಲಿ ಈ ನೀಲಿ ರೋಗದ ಹಿಂದಿರುವ ನಾಲ್ಕು ದೋಷಗಳನ್ನು ಒಟ್ಟಿಗೆ ವಿವರಿಸಿದ. ಅವನ ಹೆಸರಿನಲ್ಲೇ ವೈದ್ಯರು ಇಂದಿಗೂ ಅದನ್ನು ‘ಫಾಲೊ ಟೆಟ್ರಾಲಜಿ’ ಎನ್ನುತ್ತಾರೆ. ನಮ್ಮ ಅಂಗಳಗಳಲ್ಲಿ ಆಟದ ನಡುವೆ ಕುಕ್ಕರಗಾಲಲ್ಲಿ ಕೂತ ಮಗುವಿಗೆ ‘ಬಡಕಲು’, ‘ಸೋಮಾರಿ’ ಎಂಬ ಹೆಸರು ಅಂಟಿಕೊಳ್ಳುತ್ತಿತ್ತು.

ಸೂಲಗಿತ್ತಿಯರ ಕೈಗೆ ಇದು ಸಿಕ್ಕಿರಲಿಲ್ಲವೇ? ಪಾವಗಡದ ಸೂಲಗಿತ್ತಿ ನರಸಮ್ಮನವರು ಹದಿನೈದು ಸಾವಿರ ಹೆರಿಗೆ ಮಾಡಿಸಿದವರು ಎಂದು ನಾಡು ನೆನೆಯುತ್ತದೆ. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರ್ 25ರಂದು ಅವರು ತೀರಿಕೊಂಡರು. ಸಾವಿರಕ್ಕೆ ಎಂಟರ ಲೆಕ್ಕ ಹಿಡಿದರೆ ಅವರೊಬ್ಬರ ಕೈಯ ಮೇಲೇ ಹೃದಯದ ದೋಷವಿದ್ದ ನೂರಿಪ್ಪತ್ತು ಮಕ್ಕಳಾದರೂ ಭೂಮಿಗೆ ಬಂದಿರಬೇಕು. ಹಳೆಯ ಬಾಣಂತನದಲ್ಲಿ ಕೂಸನ್ನು ಕಾಲ ಮೇಲೆ ಅಂಗಾತ ಮಲಗಿಸಿಕೊಂಡು ಎದೆ, ಬೆನ್ನು, ಪಕ್ಕೆಗೆ ಎಣ್ಣೆ ನೀವುತ್ತಿದ್ದರಲ್ಲ, ಆ ಹೊತ್ತಿನಲ್ಲಿ ಹೃದಯದ ಗೋಡೆಯಲ್ಲಿ ತೂತಿರುವ ಕೆಲವು ಮಕ್ಕಳ ಎದೆ ಅಂಗೈಗೆ ಬೇರೆಯಾಗಿಯೇ ತಾಗುತ್ತದೆ. ತೊಡೆಯ ಮೇಲೆ ಮಲಗಿದ ಬೆಕ್ಕು ಗುರುಗುಟ್ಟಿದಂಥ ಸಣ್ಣ ನಡುಕ. ಸ್ಟೆತಾಸ್ಕೋಪ್ ಕಂಡುಹಿಡಿದ ಲೆನೆಕ್ ಕೂಡ ಅದನ್ನು ಬೆಕ್ಕಿನ ಗುರುಗುಟ್ಟುವಿಕೆಗೇ ಹೋಲಿಸಿದ್ದ. ನುರಿತ ಸೂಲಗಿತ್ತಿಯರ ಕೈಗೆ ಅದು ತಿಳಿಯದೆ ಇದ್ದೀತೆಂದು ನಂಬುವುದು ಕಷ್ಟ. ತಿಳಿದರೂ ಮಾಡುವುದೇನಿತ್ತು?

ಹಾಗೆಂದು ಈ ಸೀಮೆಗೆ ಚಿಕಿತ್ಸೆಯ ಪರಂಪರೆಯೇ ಇರಲಿಲ್ಲ ಎಂದಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯ ಮಠವಿತ್ತು, ಕಾಳಾಮುಖ ಯತಿಗಳದ್ದು. ಕಲಚುರಿ ಬಿಜ್ಜಳನ ಕಾಲದ, 1162ರ ಶಾಸನ ಆ ಮಠದಲ್ಲಿ ಏನೇನು ನಡೆಯುತ್ತಿತ್ತೆಂದು ಉದ್ದಕ್ಕೂ ಹೇಳುತ್ತದೆ. ವೇದ, ವ್ಯಾಕರಣ, ದರ್ಶನಗಳ ಪಾಠ. ದೀನರು, ಅನಾಥರು, ಕುಂಟರು, ಕುರುಡರಿಗೆ ಅನ್ನ. ಜೊತೆಗೆ, ದಿಕ್ಕಿಲ್ಲದ ರೋಗಿಗಳಿಗೆ ಔಷಧ ಕೊಟ್ಟು ಆರೈಕೆ ಮಾಡುವ ಸ್ಥಳ ಅದು ಎಂಬ ಮಾತೂ ಅಲ್ಲಿದೆ. ಅಂಜನಾಪುರದಿಂದ ಬಳ್ಳಿಗಾವಿ ದೂರವೇನಲ್ಲ. ಎಂಟೂವರೆ ಶತಮಾನದ ಹಿಂದೆಯೇ, ಕಾಸಿಲ್ಲದವನ ಕಾಯಿಲೆಗೆ ಮದ್ದು ಕೊಡುವುದು ಊರಿನ ಹೊಣೆ ಎಂದು ಈ ನೆಲದವರು ಕಲ್ಲಿನಲ್ಲಿ ಬರೆಸಿಟ್ಟಿದ್ದರು. ಶಿಕಾರಿಪುರದ ಚರಿತ್ರೆಯೆಂದರೆ ತಾಳಗುಂದದ ಕದಂಬರು, ಉಡುತಡಿಯ ಅಕ್ಕ, ಬಳ್ಳಿಗಾವಿಯ ಅಲ್ಲಮ ಎನ್ನುತ್ತೇವೆ. ಆ ಸಾಲಿನಲ್ಲಿ ಕೋಡಿಯ ಮಠದ ಈ ಮದ್ದಿನ ಮನೆಯನ್ನೂ ಶಾಲೆಯ ಮಕ್ಕಳಿಗೆ ಹೇಳಿಕೊಡಬೇಕು.

ಇನ್ನು ಸೊರಬ. ವೈದ್ಯಕೀಯ ಪುಸ್ತಕಗಳಲ್ಲಿ ಜಗತ್ತಿನಾದ್ಯಂತ ಹೆಸರು ಪಡೆದ ಊರೊಂದು ಆ ತಾಲ್ಲೂಕಿನಲ್ಲಿದೆ: ಕ್ಯಾಸನೂರು. 1957ರಲ್ಲಿ ಅಲ್ಲಿನ ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಹಿಂದೆಯೇ ಕಾಡಿಗೆ ಹೋದವರಿಗೆ ಜ್ವರ, ರಕ್ತಸ್ರಾವ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಉಣ್ಣೆಗಳನ್ನು ಆರಿಸಿ, ರಕ್ತ ಪರೀಕ್ಷಿಸಿ, ಹೊಸ ವೈರಸ್ಸನ್ನು ಗುರುತಿಸಿದರು. ‘ಕ್ಯಾಸನೂರು ಕಾಡಿನ ಕಾಯಿಲೆ’ ಎಂದೇ ಜಗತ್ತು ಅದನ್ನು ಕರೆಯಿತು. ಜನರ ಬಾಯಲ್ಲಿ ಮಂಗನ ಕಾಯಿಲೆ. ಎಪ್ಪತ್ತರ ದಶಕದ ನಡುವೆ ಪಕ್ಕದ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಕೀಲುಗಳನ್ನು ತಿಂದುಹಾಕುವ ವಂಶವಾಹಿ ಬೇನೆ ಕಾಣಿಸಿಕೊಂಡಾಗಲೂ ಸಂಶೋಧಕರು ಮನೆಮನೆಗೆ ಹೋಗಿ ವಂಶವೃಕ್ಷ ಬರೆದುಕೊಂಡರು. ಅವೆರಡೂ ಭೀಕರ ರೋಗಗಳೇ, ಎಣಿಸಿದ್ದು ನ್ಯಾಯವೇ. ಅದೇ ವರ್ಷಗಳಲ್ಲಿ ಅದೇ ಮನೆಗಳಲ್ಲಿ ಹೃದಯದ ಮಕ್ಕಳೂ ಹುಟ್ಟುತ್ತಿದ್ದರು. ಆ ದೋಷ ಒಂದು ಊರಿನ ಹೆಸರು ಹೊತ್ತದ್ದಲ್ಲ, ಎಲ್ಲ ಊರಿನಲ್ಲೂ ಸಮನಾಗಿ ಚದುರಿದ್ದು. ಗುಂಪಾಗಿ ಬಾರದ ಸಾವಿಗೆ ತಂಡ ಕಟ್ಟಿಕೊಂಡು ಯಾರೂ ಬರಲಿಲ್ಲ.

ಹೊರಗಿನ ಜಗತ್ತಿನಲ್ಲೂ ಎಣಿಕೆ ತಡವಾಗಿಯೇ ಶುರುವಾಯಿತು. ಕೆನಡಾದ ಮಾಡ್ ಆಬಟ್ ಎಂಬ ವೈದ್ಯೆ ಸತ್ತವರ ಹೃದಯಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿ, 1936ರಲ್ಲಿ ಸಾವಿರ ಪ್ರಕರಣಗಳ ಸಚಿತ್ರ ಗ್ರಂಥ ಹೊರತಂದಳು. ಬಾಸ್ಟನ್ನಿನಲ್ಲಿ ರಾಬರ್ಟ್ ಗ್ರಾಸ್ 1938ರ ಆಗಸ್ಟಿನಲ್ಲಿ, ಹುಟ್ಟಿದ ಮೇಲೆ ಮುಚ್ಚಿಕೊಳ್ಳಬೇಕಾಗಿದ್ದ ರಕ್ತನಾಳವೊಂದನ್ನು ದಾರದಿಂದ ಕಟ್ಟಿ ಮಗುವೊಂದನ್ನು ಗುಣಪಡಿಸಿದ. ನೀಲಿ ಮಕ್ಕಳ ಪಾಲಿಗೆ ದೊಡ್ಡ ದಿನ 1944ರ ನವೆಂಬರ್ 29. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಆಲ್ಫ್ರೆಡ್ ಬ್ಲಾಲಕ್ ಕೈಯ ರಕ್ತನಾಳವೊಂದನ್ನು ಶ್ವಾಸಕೋಶದ ನಾಳಕ್ಕೆ ಜೋಡಿಸಿದ. ನಾಯಿಗಳ ಮೇಲೆ ಆ ಕೌಶಲವನ್ನು ರೂಢಿಸಿದ್ದವನು ವಿವಿಯನ್ ಥಾಮಸ್ ಎಂಬ ಕಪ್ಪು ಜನಾಂಗದ ಸಹಾಯಕ. ವೈದ್ಯ ಪದವಿಯಿಲ್ಲದ ಅವನು ಶಸ್ತ್ರವೈದ್ಯನ ಹಿಂದೆ ಮೆಟ್ಟಿಲಿನ ಮೇಲೆ ನಿಂತು ಒಂದೊಂದು ಹೊಲಿಗೆಗೂ ದಾರಿ ತೋರಿಸಿದ. ಇಡೀ ಯೋಚನೆ ಹೆಲೆನ್ ಟೌಸಿಗ್‌ಳದ್ದು. ಆಕೆಗೆ ಕಿವಿ ಮಂದವಾಗಿತ್ತು. ಹಾಗಾಗಿ ಮಕ್ಕಳ ಎದೆಯ ಮೇಲೆ ಬೆರಳಿಟ್ಟು, ಅಂಗೈಯಿಟ್ಟು ಹೃದಯದ ಬಡಿತವನ್ನು ಓದುವುದನ್ನು ಅಭ್ಯಾಸ ಮಾಡಿಕೊಂಡಿದ್ದಳು. ಎಣ್ಣೆ ನೀವುತ್ತಿದ್ದ ನಮ್ಮ ಸೂಲಗಿತ್ತಿಯರ ಅಂಗೈಗೂ ಆ ಅಂಗೈಗೂ ವ್ಯತ್ಯಾಸ ಇಷ್ಟೇ: ಟೌಸಿಗ್ ಹಿಂದೆ ಒಂದು ಆಸ್ಪತ್ರೆ ಇತ್ತು, ಕಾಗದ ಇತ್ತು. ಭಾರತದ ಮೊದಲ ಮಹಿಳಾ ಹೃದ್ರೋಗ ತಜ್ಞೆ ಎಸ್. ಪದ್ಮಾವತಿ ಟೌಸಿಗ್ ಬಳಿಯೇ ಕಲಿತು ಬಂದವರು.

ಈ ಕಾಗದದ ಲೆಕ್ಕ ಬೆಳೆದ ಬಗೆಯೇ ಒಂದು ಚರಿತ್ರೆ. ಲೋಕದ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ನೆದರ್‌ಲೆಂಡ್ಸಿನ ಸಂಶೋಧಕರು ತೋರಿಸಿದಂತೆ, 1930ರ ದಶಕದ ಮೊದಲ ಭಾಗದಲ್ಲಿ ದಾಖಲಾದ ಪ್ರಮಾಣ ಸಾವಿರಕ್ಕೆ ಕೇವಲ 0.6. 1995ರ ನಂತರದ್ದು 9.1. ಅರವತ್ತು ಎಪ್ಪತ್ತು ವರ್ಷದಲ್ಲಿ ಹದಿನೈದು ಪಟ್ಟು! ಮಕ್ಕಳ ಹೃದಯ ಅಷ್ಟರಲ್ಲಿ ಹದಿನೈದು ಪಟ್ಟು ಕೆಡಲಿಲ್ಲ. ನಡುವೆ ಎಕೋ ಪರೀಕ್ಷೆ ಬಂತು. 1953ರಲ್ಲಿ ಸ್ವೀಡನ್ನಿನ ಎಡ್ಲರ್ ಮತ್ತು ಹರ್ಟ್ಸ್ ಶಬ್ದದ ಅಲೆಗಳಿಂದ ಹೃದಯವನ್ನು ನೋಡುವ ದಾರಿ ತೋರಿಸಿದ್ದರು. ಮುಂದಿನ ದಶಕಗಳಲ್ಲಿ ಆ ಯಂತ್ರ ಆಸ್ಪತ್ರೆಯಿಂದ ಆಸ್ಪತ್ರೆಗೆ ಹರಡಿತು. ಅದೇ ಅಧ್ಯಯನದಲ್ಲಿ ಏಷ್ಯಾದ ಪ್ರಮಾಣ 9.3, ಯುರೋಪಿನದು 8.2, ಆಫ್ರಿಕಾದ್ದು 1.9. ಆಫ್ರಿಕಾದ ಮಕ್ಕಳ ಹೃದಯ ನಾಲ್ಕು ಪಟ್ಟು ಗಟ್ಟಿ ಎಂದು ಯಾರೂ ಹೇಳಲಾರರು. ಅಲ್ಲಿ ಎಕೋ ಯಂತ್ರಗಳು ಕಡಿಮೆ, ನೋಡುವವರು ಕಡಿಮೆ. 1957ರ ಸೊರಬದಲ್ಲಿ ಯಾರಾದರೂ ಲೆಕ್ಕ ಹಾಕಿದ್ದರೆ ಬಹುಶಃ ಅದಕ್ಕಿಂತಲೂ ಕಡಿಮೆ ಸಿಗುತ್ತಿತ್ತು.

ಎಣಿಕೆಯಲ್ಲಿ ಇನ್ನೂ ಒಂದು ತೊಡಕಿದೆ. ಹೃದಯದ ಕೆಳಕೋಣೆಗಳ ನಡುಗೋಡೆಯಲ್ಲಿ ತೂತಿದ್ದ ಮಗು ಹುಟ್ಟಿದ ದಿನ ಎದೆಗೆ ಕೊಳವೆ ಇಟ್ಟರೆ ಎಷ್ಟೋ ಸಲ ಏನೂ ಕೇಳಿಸದು. ಆಗ ಶ್ವಾಸಕೋಶದ ರಕ್ತನಾಳಗಳು ಇನ್ನೂ ಬಿಗಿಯಾಗಿರುತ್ತವೆ, ತೂತಿನ ಎರಡೂ ಕಡೆ ಒತ್ತಡ ಹೆಚ್ಚು ಕಡಿಮೆ ಸಮ. ಕೆಲವು ವಾರ ಕಳೆದು ಬಿಗಿ ಸಡಿಲಿದ ಮೇಲೆ ರಕ್ತ ತೂತಿನಿಂದ ಸಿಳ್ಳೆ ಹಾಕುತ್ತ ನುಗ್ಗುತ್ತದೆ. ಹೆರಿಗೆಯಾದ ದಿನವೇ ಎಣಿಸಿದರೆ ಒಂದು ಲೆಕ್ಕ, ಮೂರು ತಿಂಗಳಿಗೆ ಎಣಿಸಿದರೆ ಇನ್ನೊಂದು, ವರ್ಷಕ್ಕೆ ಎಣಿಸಿದರೆ ಆಗಲೇ ಮುಚ್ಚಿಕೊಂಡವು ಬಿಟ್ಟು ಮತ್ತೊಂದು. ಮಹಾಪಧಮನಿಯ ಕವಾಟಕ್ಕೆ ಮೂರರ ಬದಲು ಎರಡೇ ಎಸಳಿರುವವರು ನೂರಕ್ಕೆ ಒಬ್ಬರಾದರೂ ಇದ್ದಾರೆ. ಮಧ್ಯ ವಯಸ್ಸಿನ ತನಕ ತೊಂದರೆ ಕೊಡದ ಕಾರಣ ಅವರನ್ನು ಸಾಮಾನ್ಯವಾಗಿ ಈ ಪಟ್ಟಿಗೆ ಸೇರಿಸುವುದಿಲ್ಲ. ಸೇರಿಸಿದರೆ ಸಾವಿರಕ್ಕೆ ಎಂಟು ಇಪ್ಪತ್ತರ ಹತ್ತಿರ ಹೋಗುತ್ತದೆ. ಆದರೂ ಒಂದೇ ಅಳತೆಗೋಲಿನಿಂದ ಜಾಗ್ರತೆಯಾಗಿ ಎಣಿಸಿದವರೆಲ್ಲ ಎಂಟರ ಆಸುಪಾಸಿಗೇ ಬಂದು ನಿಂತಿದ್ದಾರೆ. ಅಮೆರಿಕದಲ್ಲಿ 56,109 ಹೆರಿಗೆಗಳನ್ನು ಹಿಂಬಾಲಿಸಿ 1971ರಲ್ಲಿ ಪ್ರಕಟವಾದ ಅಧ್ಯಯನ ಹೇಳಿದ್ದು 8.14. ಅದಕ್ಕೂ ದೆಹಲಿಯ 8.07ಕ್ಕೂ ನಡುವೆ ನಲವತ್ತೈದು ವರ್ಷ, ಅರ್ಧ ಭೂಗೋಳದ ಅಂತರ.

ಇತ್ತ ನಮ್ಮಲ್ಲಿ ನೀರು ಇಳಿಯತೊಡಗಿತ್ತು. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಮಲೆನಾಡಿನ ಮನೆಗಳ ಗೋಡೆಗೆ ಡಿಡಿಟಿ ಬಿತ್ತು, ಮಲೇರಿಯಾ ಹಿಂದೆ ಸರಿಯಿತು. ಸಿಡುಬು ಹೋಯಿತು, ಲಸಿಕೆಗಳು ಬಂದವು, ಹೆರಿಗೆ ಮನೆಯ ಕತ್ತಲೆ ಕೋಣೆಯಿಂದ ಆಸ್ಪತ್ರೆಗೆ ಬಂತು. 1971ರಲ್ಲಿ ಕರ್ನಾಟಕದಲ್ಲಿ ಸಾವಿರಕ್ಕೆ 95 ಶಿಶುಗಳು ವರ್ಷದೊಳಗೆ ಸಾಯುತ್ತಿದ್ದವು. 2020ರಲ್ಲಿ ಅದು 19. ಇನ್ನೂರರಲ್ಲಿ ಕಾಣದ ಎಂಟು ಹತ್ತೊಂಬತ್ತರ ಪಕ್ಕದಲ್ಲಿ ಇಟ್ಟಾಗ ದೊಡ್ಡದಾಗಿ ಕಾಣುತ್ತದೆ. ಆ ಎಂಟರಲ್ಲಿ ಎಲ್ಲರೂ ಸಾಯುವುದಿಲ್ಲ, ನಿಜ. ಆದರೆ ಉಳಿದ ಶಿಶುಮರಣವನ್ನು ಇನ್ನೂ ಇಳಿಸಬೇಕೆನ್ನುವವರು ಇವರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

ಕಂಡುಹಿಡಿದ ಮೇಲೆ ಹೋಗುವುದೆಲ್ಲಿಗೆ? ಬಹಳ ಕಾಲ ಉತ್ತರ ಒಂದೇ: ವೆಲ್ಲೂರು. ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ 1960ರ ದಶಕದ ಆರಂಭದಲ್ಲೇ ಹೃದಯ ತೆರೆದು ಮಾಡುವ ಶಸ್ತ್ರಚಿಕಿತ್ಸೆ ನಡೆದಿತ್ತು. ಕನ್ನಡ ನಾಡಿನ ಮನೆಗಳಲ್ಲಿ ‘ವೆಲ್ಲೂರಿಗೆ ಬರಕೊಟ್ಟಿದ್ದಾರೆ’ ಎಂದರೆ ಕಾಯಿಲೆ ದೊಡ್ಡದು ಎಂದೇ ಅರ್ಥ. ಶಿಕಾರಿಪುರದಿಂದ ಬಸ್ಸಿನಲ್ಲಿ ಶಿವಮೊಗ್ಗ, ರೈಲಿನಲ್ಲಿ ಬೆಂಗಳೂರು, ಅಲ್ಲಿಂದ ಕಾಟ್ಪಾಡಿ. ಗೊತ್ತಿಲ್ಲದ ಭಾಷೆ, ತಿಂಗಳುಗಟ್ಟಲೆ ವಾಸ. ಅಡಿಕೆ ತೋಟವಿದ್ದವರು ಹೋಗಿ ಬಂದರು. ಎರಡೆಕರೆ ಗದ್ದೆಯವರು ಹಣೆಬರಹ ಎಂದು ಊರಿಗೆ ಮರಳಿದರು. 1972ರಲ್ಲಿ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಜಯದೇವ ಹೃದ್ರೋಗ ಸಂಸ್ಥೆ ಹುಟ್ಟಿಕೊಂಡಿತು. ಮುಂದೆ ಬನ್ನೇರುಘಟ್ಟ ರಸ್ತೆಗೆ ಬಂದು ಬೆಳೆದ ಅದು ‘ಮೊದಲು ಚಿಕಿತ್ಸೆ, ಆಮೇಲೆ ದುಡ್ಡು’ ಎಂಬ ಪದ್ಧತಿಗೆ ಹೆಸರಾಯಿತು. ಕಿನ್ನಿಗೋಳಿಯಲ್ಲಿ ಹುಟ್ಟಿ ಮಂಗಳೂರಿನಲ್ಲಿ ವೈದ್ಯಕೀಯ ಓದಿದ ದೇವಿ ಶೆಟ್ಟಿ 1992ರಲ್ಲಿ ಕೋಲ್ಕತ್ತದಲ್ಲಿ ನವಜಾತ ಶಿಶುವೊಂದಕ್ಕೆ ಹೃದಯದ ಶಸ್ತ್ರಚಿಕಿತ್ಸೆ ಮಾಡಿ ದೇಶದ ಗಮನ ಸೆಳೆದರು. 2001ರ ಹೊತ್ತಿಗೆ ಬೆಂಗಳೂರಿನ ಒಂದಂಚಿನ ಬೊಮ್ಮಸಂದ್ರದಲ್ಲಿ ಅವರ ನಾರಾಯಣ ಹೃದಯಾಲಯ, ಇನ್ನೊಂದಂಚಿನ ವೈಟ್‌ಫೀಲ್ಡಿನಲ್ಲಿ ಒಂದು ಪೈಸೆಯನ್ನೂ ಪಡೆಯದ ಸತ್ಯ ಸಾಯಿ ಆಸ್ಪತ್ರೆ ತೆರೆದುಕೊಂಡಿದ್ದವು. 2003ರ ಜುಲೈನಲ್ಲಿ ದೆಹಲಿ-ಲಾಹೋರ್ ಬಸ್ಸು ಮತ್ತೆ ಶುರುವಾದಾಗ ಅದರಲ್ಲಿ ಬಂದ ಎರಡೂವರೆ ವರ್ಷದ ಹುಡುಗಿಯೊಬ್ಬಳು ಬೊಮ್ಮಸಂದ್ರದಲ್ಲಿ ಹೃದಯದ ತೂತು ಮುಚ್ಚಿಸಿಕೊಂಡು ಹೋದದ್ದು ಎರಡೂ ದೇಶದವರಿಗೆ ಇನ್ನೂ ನೆನಪಿದೆ.

ಲಾಹೋರಿನಿಂದ ಬರಲು ಸಾಧ್ಯವಾದ ಜಾಗಕ್ಕೆ ಅಂಜನಾಪುರ ಹೋಬಳಿಯಿಂದ ಹೋಗಲು ಬೇಕಾದದ್ದು ದುಡ್ಡಿನ ದಾರಿ. ಅದನ್ನು ಮೊದಲು ತೆರೆದದ್ದು ಸಹಕಾರ ಸಂಘದ ರಸೀದಿ. 2002ರ ನವೆಂಬರ್ 14ರಂದು ಉದ್ಘಾಟನೆಯಾಗಿ 2003ರ ಜೂನ್ ಒಂದರಿಂದ ಜಾರಿಗೆ ಬಂದ ಯಶಸ್ವಿನಿ ಯೋಜನೆಯಲ್ಲಿ ಸಹಕಾರ ಸಂಘದ ಸದಸ್ಯ ರೈತ ತಿಂಗಳಿಗೆ ಐದು ರೂಪಾಯಿಯಂತೆ ವರ್ಷಕ್ಕೆ ಅರವತ್ತು ಕಟ್ಟಿದರೆ ಹೃದಯದ ಶಸ್ತ್ರಚಿಕಿತ್ಸೆಯೂ ಸೇರಿ ನೂರಾರು ಶಸ್ತ್ರಚಿಕಿತ್ಸೆಗಳಿಗೆ ಆಗ ರಕ್ಷಣೆಯಿತ್ತು. ಮೊದಲ ವರ್ಷವೇ ಹದಿನಾರು ಲಕ್ಷ ಜನ ಸೇರಿದರು. ಹಾಲಿನ ಡೇರಿಯಲ್ಲಿ, ಸೊಸೈಟಿಯ ಕಟ್ಟೆಯಲ್ಲಿ ಬರೆದ ಆ ಹೆಸರುಗಳ ಪಟ್ಟಿಯನ್ನು ಕರ್ನಾಟಕದ ಆರೋಗ್ಯ ಚರಿತ್ರೆ ಬರೆಯುವವರು ಜೋಪಾನವಾಗಿ ಓದಬೇಕು. 2010ರಲ್ಲಿ, ಶಿಕಾರಿಪುರದ ಶಾಸಕ ಬಿ.ಎಸ್. ಯಡಿಯೂರಪ್ಪ ಮುಖ್ಯಮಂತ್ರಿಯಾಗಿದ್ದಾಗ, ಬಡತನದ ರೇಖೆಗಿಂತ ಕೆಳಗಿರುವವರ ದೊಡ್ಡ ಕಾಯಿಲೆಗಳಿಗೆ ವಾಜಪೇಯಿ ಆರೋಗ್ಯಶ್ರೀ ಬಂತು. ಅದು ಶುರುವಾದದ್ದು ಕಲಬುರಗಿ ವಿಭಾಗದಲ್ಲಿ. ಅವರ ಸ್ವಂತ ಕ್ಷೇತ್ರಕ್ಕೆ ತಲುಪಿದ್ದು ಒಂದೆರಡು ವರ್ಷದ ನಂತರ. 2013ರಲ್ಲಿ ಕೇಂದ್ರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಸೇರಿಕೊಂಡಿತು. ಅದರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ, ಒಂದು ಸಲ ಸರ್ಕಾರಿ ಶಾಲೆಗೆ ಹೋಗಿ ಮಕ್ಕಳ ಎದೆಗೆ ಸ್ಟೆತಾಸ್ಕೋಪ್ ಇಡಬೇಕು. 2018ರಿಂದ ಇವೆಲ್ಲ ಆರೋಗ್ಯ ಕರ್ನಾಟಕದ ಚಾವಣಿಯಡಿ ಬಂದವು. ಯಶಸ್ವಿನಿ 2022ರಲ್ಲಿ ಮತ್ತೆ ತನ್ನ ಹೆಸರಿನಲ್ಲೇ ಎದ್ದಿತು.

ಕಾರಣದ ಮಾತಿಗೆ ಬಂದರೆ ಹಳೆಯ ಕಾಲ ತಾಯಿಯ ತಲೆಗೇ ಕಟ್ಟಿತು. ಗ್ರಹಣದಲ್ಲಿ ಹೊರಗೆ ಬಂದಳು, ತಿನ್ನಬಾರದ್ದು ತಿಂದಳು, ಅವಳ ಕಾಲ್ಗುಣ. ಹೆತ್ತ ಮಗುವನ್ನು ಕಳೆದುಕೊಂಡವಳ ಮೇಲೆ ಹೊರಿಸಿದ ಈ ಹೊರೆ ಅನ್ಯಾಯದ್ದು. ಗರ್ಭದಲ್ಲಿ ಹೃದಯ ರೂಪುಗೊಳ್ಳುವುದು ಮೂರರಿಂದ ಎಂಟನೆಯ ವಾರದೊಳಗೆ. ಎಷ್ಟೋ ಹೆಂಗಸರಿಗೆ ತಾವು ಬಸುರಿ ಎಂದು ಖಾತ್ರಿಯಾಗುವ ಮೊದಲೇ ಆ ಕೊಳವೆ ಸುತ್ತಿಕೊಂಡು, ಗೋಡೆ ಕಟ್ಟಿಕೊಂಡು ಮುಗಿಯುತ್ತ ಬಂದಿರುತ್ತದೆ. ಬಹುಪಾಲು ಮಕ್ಕಳಲ್ಲಿ ಇಂಥದ್ದೇ ಕಾರಣ ಎಂದು ಬೆರಳಿಟ್ಟು ತೋರಿಸಲು ಬರುವುದಿಲ್ಲ. ತೋರಿಸಬಹುದಾದವು ಕೆಲವಿವೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಅರ್ಧದಷ್ಟು ಜನಕ್ಕೆ ಹೃದಯದ ದೋಷವಿರುತ್ತದೆ. ತಾಯಿಗೆ ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆಯಿದ್ದರೆ ಅಪಾಯ ಹೆಚ್ಚು. ಬಸುರಿನ ಮೊದಲ ತಿಂಗಳುಗಳಲ್ಲಿ ರುಬೆಲ್ಲಾ ತಗುಲಿದರೆ ಕೂಸಿನ ಕಣ್ಣು, ಕಿವಿ, ಹೃದಯ ಮೂರಕ್ಕೂ ಪೆಟ್ಟು. ಆಸ್ಟ್ರೇಲಿಯಾದ ಕಣ್ಣಿನ ವೈದ್ಯ ನಾರ್ಮನ್ ಗ್ರೆಗ್ 1941ರಲ್ಲೇ ಇದನ್ನು ಗುರುತಿಸಿದ. ದಡಾರ-ರುಬೆಲ್ಲಾ ಲಸಿಕೆಯ ದೊಡ್ಡ ಅಭಿಯಾನ ಭಾರತದಲ್ಲಿ 2017ರ ಫೆಬ್ರುವರಿಯಲ್ಲಿ ಮೊದಲು ನಡೆದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

ಇನ್ನೊಂದು ಸಂಗತಿ ನಮ್ಮ ಮನೆಯೊಳಗಿನದು, ಹೇಳಲು ಸಂಕೋಚ ಪಡುವಂಥದ್ದು. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ಪದ್ಧತಿ ದಕ್ಷಿಣದಲ್ಲಿ ಹಳೆಯದು. ಆಸ್ತಿ ಒಡೆಯದು, ಹೆಣ್ಣು ಕಣ್ಣಮುಂದೆ ಇರುತ್ತಾಳೆ ಎಂಬ ಸಮಾಧಾನ ಅದರ ಹಿಂದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಅವರ ತಂಡ 1980ರ ದಶಕದಲ್ಲಿ ಕರ್ನಾಟಕದ ನವಜಾತ ಶಿಶುಗಳನ್ನು ದೊಡ್ಡ ಸಂಖ್ಯೆಯಲ್ಲಿ ಪರೀಕ್ಷಿಸಿ, ರಕ್ತಸಂಬಂಧದ ಮದುವೆಗಳನ್ನೂ ವಂಶವಾಹಿ ಕಾಯಿಲೆಗಳನ್ನೂ ತಾಳೆ ನೋಡಿತು. ಮೈಸೂರು ವಿಶ್ವವಿದ್ಯಾನಿಲಯದ ಎನ್.ಬಿ. ರಾಮಚಂದ್ರ ಮತ್ತು ಸಂಗಡಿಗರು 2006ರಲ್ಲಿ ಮೈಸೂರಿನ ಆಸ್ಪತ್ರೆಗಳ ಹೃದಯ ದೋಷದ ಮಕ್ಕಳ ಮೇಲೆ ನಡೆಸಿದ ಅಧ್ಯಯನ ಪ್ರಕಟಿಸಿದರು. ಅಂಥ ಮಕ್ಕಳ ತಂದೆತಾಯಿಗಳಲ್ಲಿ ರಕ್ತಸಂಬಂಧದ ಮದುವೆ ಹೆಚ್ಚಾಗಿ ಕಂಡುಬಂತು. ಸೋದರಿಕೆಯಲ್ಲಿ ಮದುವೆಯಾದವರ ಮಕ್ಕಳೆಲ್ಲ ಹೀಗೆ ಹುಟ್ಟುತ್ತಾರೆಂದು ಇದರ ಅರ್ಥವಲ್ಲ. ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ. ಅಪಾಯ ಒಂದಿಷ್ಟು ಏರುತ್ತದೆ, ಆ ಏರಿಕೆಯನ್ನು ತಿಳಿದು ಮದುವೆಯ ಮಾತಾಡುವುದು ಒಳಿತು.

ಹಳೆಯ ದಾಖಲೆಯ ‘ಇತರೆ’ ಕಲಮಿಗೆ ಇಂದಿಗೂ ಮಕ್ಕಳು ಸೇರುತ್ತಿದ್ದಾರೆ. ಅದು ನಡೆಯುವುದು ಸಾಮಾನ್ಯವಾಗಿ ಮೊದಲ ವಾರದಲ್ಲಿ. ಗರ್ಭದಲ್ಲಿದ್ದಾಗ ಕೂಸಿನ ಎರಡು ದೊಡ್ಡ ರಕ್ತನಾಳಗಳ ನಡುವೆ ಸಣ್ಣ ಸೇತುವೆಯೊಂದಿರುತ್ತದೆ. ತೀವ್ರ ದೋಷವಿರುವ ಹೃದಯ ಆ ಸೇತುವೆಯನ್ನೇ ನಂಬಿ ನಡೆಯುತ್ತದೆ. ಹುಟ್ಟಿದ ಕೆಲವು ದಿನಗಳಲ್ಲಿ ಸೇತುವೆ ತಾನಾಗಿ ಮುಚ್ಚುತ್ತದೆ. ಅಷ್ಟರಲ್ಲಿ ತಾಯಿ ಮಗು ಮನೆಗೆ ಬಂದಿರುತ್ತಾರೆ, ತೊಟ್ಟಿಲು ಸಿದ್ಧವಾಗಿರುತ್ತದೆ. ಅದುವರೆಗೆ ಕೆಂಪಗೆ ಆಡಿಕೊಂಡಿದ್ದ ಕೂಸು ಒಂದು ರಾತ್ರಿಯಲ್ಲಿ ಬೂದಿ ಬಣ್ಣಕ್ಕೆ ತಿರುಗುತ್ತದೆ. ಇದನ್ನು ಮುಂಚೆಯೇ ಹಿಡಿಯುವ ಸಾಧನ ಕೋವಿಡ್ ಕಾಲದಲ್ಲಿ ಎಲ್ಲರೂ ಬೆರಳಿಗೆ ಹಾಕಿ ನೋಡಿದ ಪಲ್ಸ್ ಆಕ್ಸಿಮೀಟರೇ, ಕೂಸಿಗೆ ಹೊಂದುವ ಪಟ್ಟಿಯೊಂದಿಗೆ. ಅಂಗಾಲಿಗೆ ಸುತ್ತಿದ ಪಟ್ಟಿಯಲ್ಲಿ ಕೆಂಪು ದೀಪ ಹೊಳೆಯುತ್ತದೆ, ಚರ್ಮದ ಮೂಲಕ ಅದು ಕಾಣುತ್ತದೆ, ಪರದೆಯ ಮೇಲೆ ಅಂಕಿ ನಿಲ್ಲುತ್ತದೆ. ಅಮೆರಿಕ 2011ರಲ್ಲಿ ಇದನ್ನು ಎಲ್ಲ ನವಜಾತ ಶಿಶುಗಳ ತಪಾಸಣೆಯ ಪಟ್ಟಿಗೆ ಸೇರಿಸಿತು. ಪಕ್ಕದ ಕೇರಳ 2017ರಲ್ಲಿ ‘ಹೃದ್ಯಂ’ ಯೋಜನೆ ತಂದು ಹೃದಯದ ಮಕ್ಕಳ ಹೆಸರನ್ನು ಒಂದೇ ಪಟ್ಟಿಯಲ್ಲಿ ದಾಖಲಿಸಿ ಚಿಕಿತ್ಸೆಗೆ ಕಳಿಸತೊಡಗಿತು. ಕಾಸರಗೋಡಿನ ಕನ್ನಡದ ಮನೆಗಳ ಮಕ್ಕಳೂ ಅದರ ವ್ಯಾಪ್ತಿಯಲ್ಲಿದ್ದಾರೆ. ಅಂಥ ಒಂದು ಪಟ್ಟಿ ಕರ್ನಾಟಕದ ಪ್ರತಿ ತಾಲ್ಲೂಕು ಆಸ್ಪತ್ರೆಯಿಂದ ಶುರುವಾಗಬೇಕು.

ಅಲ್ಲಿಯ ತನಕ ಕೆಲಸ ಮನೆಯವರದ್ದು. ಶಿಕಾರಿಪುರದಲ್ಲಾಗಲಿ, ಸೊರಬದಲ್ಲಾಗಲಿ, ಮತ್ತೆಲ್ಲೇ ಆಗಲಿ, ಹೆರಿಗೆಯಾಗಿ ಇಪ್ಪತ್ತನಾಲ್ಕು ಗಂಟೆ ಕಳೆದ ಮೇಲೆ, ಮನೆಗೆ ಹೊರಡುವ ಮುಂಚೆ, ಮಗುವಿನ ಬಲಗೈಗೂ ಒಂದು ಕಾಲಿಗೂ ಪಟ್ಟಿ ಸುತ್ತಿ ಆಮ್ಲಜನಕದ ಅಂಕಿ ನೋಡಲು ಹೇಳಿ. ಎರಡರಲ್ಲೊಂದು 90ಕ್ಕಿಂತ ಕೆಳಗಿದ್ದರೆ, ಎರಡೂ 95 ಮುಟ್ಟದಿದ್ದರೆ, ಇಲ್ಲವೇ ಕೈಗೂ ಕಾಲಿಗೂ ಮೂರಕ್ಕಿಂತ ಹೆಚ್ಚು ವ್ಯತ್ಯಾಸವಿದ್ದು ಮತ್ತೆ ನೋಡಿದಾಗಲೂ ಹಾಗೇ ಉಳಿದರೆ, ಎಕೋ ಮಾಡಿಸದೆ ಮನೆಗೆ ಹೋಗಬೇಡಿ. ಅಂಕಿ ಸರಿಯಿದ್ದೂ ಮುಂದೆ ಕೂಸು ಹಾಲು ಕುಡಿಯುವಾಗ ಹಣೆ ಬೆವರಿದರೆ ಅಂದೇ ಮಕ್ಕಳ ವೈದ್ಯರ ಬಳಿ ಕರೆದೊಯ್ಯಿರಿ. ಪಟ್ಟಿ ಸುತ್ತಿ ನೋಡುವುದು ಐದು ನಿಮಿಷದ ಕೆಲಸ, ಕೂಸಿಗೆ ನೋವಿಲ್ಲ.